ಹುಳ ಹಣ್ಣಾಗುವ ವಾರದಲ್ಲೊಂದು ಪ್ರವಾಸ

ಮೊನ್ನೆ ಸಂಜೆ ಹಳೆಯ ಕೈಚೀಲವೊಂದನ್ನು ಒಗೆಯಲು ಹಾಕೋಣವೆಂದು ತಲೆಕೆಳಗು ಮಾಡಿ ಒದರಿದೆ. ಬಸ್ಸಿನ ಟಿಕೆಟ್ಟುಗಳು, ಹಲ್ಲು ಮುರಿದ ಬಾಚಣಿಗೆ, ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿ, ಇವುಗಳ ಜೊತೆಗೆ ಒಣಗಿ ಗೋಲಿಯಂತಾಗಿದ್ದ ಒಂದು ನಿಂಬೆಹಣ್ಣೂ ಉದುರಿ, ಉರುಳಿಕೊಂಡು ಹೋಗಿ, ಹಾಲು ತಂದುಕೊಡಲು ಬಂದಿದ್ದ ಪಕ್ಕದ ಮನೆಯ ಗೌರಮ್ಮನ ಕಾಲ ಬಳಿ ನಿಂತಿತು. ಗೌರಮ್ಮ ಎರಡು ಹೆಜ್ಜೆ ಹಿಂದಕ್ಕೆ ಸರಿದರು.

“ಮೇಡಂ, ಕೈಲಿ ಮುಟ್ಬುಟ್ಟೀರ. ಯಾರೋ ಆಗದೋರು ಇಟ್ಟವ್ರೆ. ಚಪ್ಪಲೀಲಿ ತಳ್ಳಿ ಆಚೆಗೆ.”

“ಅಯ್ಯೋ ಗೌರಮ್ಮ, ಅದು ಮಾಟದ್ದಲ್ಲ. ಬಸ್ಸಿನಲ್ಲಿ ವಾಂತಿ ಬರದಿರಲಿ ಅಂತ ನಾನೇ ಇಟ್ಕೊಂಡಿದ್ದು. ಹೋದ ಚಳಿಗಾಲ ಅಕ್ಕನ ಜೊತೆ ಹೋದಾಗಿಂದು.”

“ನೀವ್ ಇಟ್ಕಂಡಿದ್ರೂ ಒಂದು ವರ್ಷ ಮನೇಲಿ ಇದ್ದ ನಿಂಬೆಹಣ್ಣು ಒಳ್ಳೇದಲ್ಲ ಬುಡಿ” ಎಂದು ಆಕೆ ಹಾಲಿನ ಪಾತ್ರೆಯನ್ನು ಬಾಗಿಲಲ್ಲೇ ಇಟ್ಟು ಹೋದರು. ನಾನು ಮಾತ್ರ ಆ ನಿಂಬೆಹಣ್ಣನ್ನು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಚೀಲವನ್ನು ಅಂದು ಒಗೆಯಲಿಲ್ಲ.

ನಾನು ಕನಕಪುರದ ಕಡೆ ಒಂದು ಸರ್ಕಾರಿ ಶಾಲೆಯ ಮೇಷ್ಟ್ರಮ್ಮ. ನಮಗೆ ಚಳಿಗಾಲವೆಂದರೆ ಪ್ರವಾಸದ ಕಾಲ. ಮಕ್ಕಳಿಗೆ ಬೇಲೂರು ಬೇಡ, ಶ್ರೀರಂಗಪಟ್ಟಣ ಬೇಡ, ಬಿಡದಿ ಹತ್ತಿರದ ಆ ದೊಡ್ಡ ಆಟದ ಪಾರ್ಕೇ ಬೇಕು. ಹತ್ತು ವರ್ಷದಿಂದ ಅಲ್ಲಿಗೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೇ ಬಿದ್ದಿದೆ. ಹೀಗಾಗಿ ಪ್ರವಾಸದ ತಯಾರಿಯಲ್ಲಿ ನನ್ನನ್ನು ಮೀರಿಸುವವರು ಈ ತಾಲ್ಲೂಕಿನಲ್ಲಿ ಇಲ್ಲವೆಂದು ನಾನೇ ತಿಳಿದುಕೊಂಡಿದ್ದೇನೆ. ನಲವತ್ತೆಂಟು ತಲೆಗಳನ್ನು ಬಸ್ಸಿನ ಬಾಗಿಲಲ್ಲಿ ನಿಂತು ಉಸಿರು ಬಿಡದೆ ಎಣಿಸಬಲ್ಲೆ. ಯಾವ ಮಗು ರಾಮನಗರ ದಾಟುವುದರೊಳಗೆ ವಾಂತಿ ಮಾಡುತ್ತದೆ ಎಂಬುದನ್ನು ಮುಖ ನೋಡಿಯೇ ಹೇಳಬಲ್ಲೆ. ಪೋಷಕರ ಸಭೆಯಲ್ಲಿ ನಾನು ಮೊದಲು ಹೇಳುವುದು ಬಟ್ಟೆಯ ವಿಷಯ. ನೀರಿನ ಆಟಕ್ಕೆ ಹತ್ತಿಯ ಬಟ್ಟೆ ಹಾಕಿಕೊಂಡು ಇಳಿಯುವಂತಿಲ್ಲ, ನೈಲಾನಿನದ್ದೇ ಬೇಕು. ಒಂದು ವರ್ಷ ಒಬ್ಬ ತಾಯಿ ಎದ್ದು ನಿಂತು, “ರೇಷ್ಮೆದು ಆಯ್ತದಾ ಮೇಡಂ? ನಮ್ಮನೇಲಿ ಅದೇ ಇರೋದು” ಎಂದು ಕೇಳಿದ್ದರು. ಎಲ್ಲರೂ ನಕ್ಕರು. ಆಕೆ ನಗಲಿಲ್ಲ. ರೇಷ್ಮೆ ಬೆಳೆಯುವ ಮನೆಯವರು ರೇಷ್ಮೆ ಉಡುವುದು ಮದುವೆಗೊಂದು ಸಲ. ಆ ಒಂದು ಸೀರೆಯನ್ನು ಕತ್ತರಿಸಿ ಮಗಳಿಗೆ ಲಂಗ ಹೊಲಿಸಿದ್ದರಂತೆ. ನನಗೂ ನಗು ಬಂದದ್ದಕ್ಕೆ ಆಮೇಲೆ ನಾಚಿಕೆಯಾಯಿತು. ನಾನೂ ಅಂಥ ಮನೆಯಲ್ಲೇ ಹುಟ್ಟಿದವಳು.

ಇಷ್ಟೆಲ್ಲ ಹೇಳಿಕೊಂಡವಳು ಇನ್ನೊಂದನ್ನೂ ಹೇಳಿಬಿಡಬೇಕು. ಆ ಪಾರ್ಕಿನ ನಡುವೆ ಒಂದು ದೊಡ್ಡ ಚಕ್ರವಿದೆ. ತೊಟ್ಟಿಲುಗಳನ್ನು ಹೊತ್ತು ಮೆಲ್ಲಗೆ ತಿರುಗುತ್ತದೆ. ಬೆಂಗಳೂರಿನ ಬಸ್ಸಿನ ಕಿಟಕಿಯಿಂದಲೂ ಅದರ ತಲೆ ಕಾಣುತ್ತದೆ. ಹೋದ ಚಳಿಗಾಲದವರೆಗೆ ನಾನು ಅದನ್ನು ಒಂದು ಸಲವೂ ಹತ್ತಿರಲಿಲ್ಲ. ನನಗೆ ಏಣಿಯ ಮೂರನೆಯ ಮೆಟ್ಟಿಲಿಗೇ ಅಂಗಾಲು ಬೆವರುತ್ತದೆ. ಮಕ್ಕಳು ಮೇಲೆ ಹೋಗಿ ಕೂಗುವಾಗ ನಾನು ಕೆಳಗೆ ಕಲ್ಲುಬೆಂಚಿನ ಮೇಲೆ ನಲವತ್ತೆಂಟು ಜೊತೆ ಚಪ್ಪಲಿ, ನಲವತ್ತೆಂಟು ಚೀಲ ಕಾಯುತ್ತಾ ಕೂತಿರುತ್ತೇನೆ. “ಬನ್ನಿ ಮಿಸ್” ಎಂದು ಕರೆದರೆ, “ನಾನು ಬಂದರೆ ಸಾಮಾನು ಯಾರು ನೋಡ್ತಾರೆ?” ಎನ್ನುತ್ತೇನೆ. ಜವಾಬ್ದಾರಿ ಎಂಬುದು ಹೆದರುಪುಕ್ಕಲರಿಗೆ ಎಷ್ಟು ಚೆನ್ನಾಗಿ ಒದಗುತ್ತದೆ ನೋಡಿ.

ಇದನ್ನು ನಾನು ಯಾರಿಂದಲಾದರೂ ಮುಚ್ಚಿಟ್ಟಿದ್ದರೆ ಅದು ನನ್ನ ಅಕ್ಕನಿಂದ.

ಅಕ್ಕನ ಹೆಸರು ಚಿಕ್ಕತಾಯಮ್ಮ. ಹಿರಿಯವಳಿಗೆ ಚಿಕ್ಕ ಎಂದು ಹೆಸರಿಟ್ಟರಲ್ಲ ಎಂದು ನಾನು ಚಿಕ್ಕಂದಿನಲ್ಲಿ ರೇಗಿಸಿದರೆ, “ನಿಂಗೆ ಹೆಸರು ಇಡೋ ಹೊತ್ತಿಗೆ ಹೆಸರೇ ಖರ್ಚಾಗೋಗಿತ್ತು ಕಣೆ” ಎನ್ನುತ್ತಿದ್ದಳು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಅಕ್ಕೂರಿನ ಪಕ್ಕದ ಹಳ್ಳಿಯಲ್ಲಿ ನಮ್ಮ ಮನೆ. ಅದೇ ಊರಿನಲ್ಲಿ ಎರಡು ಬೀದಿ ದಾಟಿ ಅವಳನ್ನು ಕೊಟ್ಟಿದ್ದು. ಏಳನೆಯ ಕ್ಲಾಸು ಮುಗಿದ ಬೇಸಿಗೆಯಲ್ಲಿ ಅವಳನ್ನು ಶಾಲೆ ಬಿಡಿಸಿದರು. ಅವ್ವನಿಗೆ ಬೆನ್ನುನೋವು, ಹುಳ ಸಾಕಲು ಇನ್ನೊಂದು ಜೊತೆ ಕೈ ಬೇಕಿತ್ತು. ಇಬ್ಬರಲ್ಲಿ ಒಬ್ಬರು ಹೋಗಬೇಕಿತ್ತು, ದೊಡ್ಡವಳು ಹೋದಳು. ಅದರ ಬಗ್ಗೆ ಮನೆಯಲ್ಲಿ ಯಾರೂ ಕೂತು ಮಾತಾಡಿದ್ದು ನನಗೆ ನೆನಪಿಲ್ಲ. ಜೂನ್ ಬಂತು, ನಾನು ಚೀಲ ನೇತುಹಾಕಿಕೊಂಡು ಹೊರಟೆ, ಅವಳು ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕುಯ್ಯಲು ಹೊರಟಳು, ಅಷ್ಟೆ.

ಆಗ ಹುಳದ ಮನೆ ಎಂದು ಬೇರೆ ಇರಲಿಲ್ಲ. ನಾವಿದ್ದ ಮನೆಯಲ್ಲೇ ತಟ್ಟೆಗಳು. ಹುಳ ಕೊನೆಯ ಜ್ವರ ಎದ್ದು ದೊಡ್ಡವಾದವೆಂದರೆ ಮನೆ ಅವುಗಳದ್ದು, ಜಗುಲಿ ನಮ್ಮದು. ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಒಟ್ಟು ನಾಲ್ಕು ಸಲ ಅವು ತಿನ್ನುವುದು ಬಿಟ್ಟು, ತಲೆ ಎತ್ತಿ, ದೇವರಿಗೆ ಕೂತ ಹಾಗೆ ಕೂತುಬಿಡುತ್ತವೆ. ಏಳುವವರೆಗೆ ಒಂದೆಲೆ ಕೊಡುವ ಹಾಗಿಲ್ಲ. ಹುಳಕ್ಕೆ ವಾಸನೆ ಆಗದು, ಹಾಗಾಗಿ ಆ ಒಂದು ವಾರ ಒಗ್ಗರಣೆ ಇಲ್ಲ, ಊದಿನಕಡ್ಡಿ ಇಲ್ಲ, ತಲೆಗೆ ಮಲ್ಲಿಗೆ ಇಲ್ಲ. ಅಪ್ಪ ಬೀಡಿ ಸೇದಲು ಊರಾಚೆಯ ಅರಳಿಮರದವರೆಗೆ ಹೋಗಿ, ಬಂದು, ಕೈಕಾಲು ತೊಳೆದು, ಬಾಯಿ ಮುಕ್ಕಳಿಸಿ ಒಳಗೆ ಬರಬೇಕು. ಚಳಿಗಾಲದ ಬೆಳೆಗೆ ಹುಳದ ಪಕ್ಕ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದರು, ನಮಗೆ ಹೊರಗೆ ಕಂಬಳಿ. ಹುಳಕ್ಕಿರುವ ಬೆಂಕಿ ನಮಗಿಲ್ಲವಲ್ಲ ಎಂದು ನಾನು ಗೊಣಗಿದರೆ ಅಜ್ಜಿ, “ಅವ್ಕೆ ಒದ್ಕಳಕ್ಕೆ ಕಂಬಳಿ ಐತಾ?” ಎಂದು ಕೇಳುತ್ತಿದ್ದಳು.

ಆ ಅಜ್ಜಿಯಿಂದಲೇ ನಾನು ಮಾತು ಕಲಿತದ್ದು. ಸಂತೆಗೆ ಹೋಗಿಬಂದು ಅವಳು ಹೇಳುವ ಸಂತೆ ಇಡೀ ಚನ್ನಪಟ್ಟಣದಲ್ಲಿ ಎಲ್ಲೂ ನಡೆಯುತ್ತಿರಲಿಲ್ಲ. ಅವಳ ಬದನೆಕಾಯಿ ಮೊಲದಷ್ಟು ದಪ್ಪ, ಅವಳು ಕಂಡ ಪೊಲೀಸಿನವನ ಮೀಸೆ ಎಮ್ಮೆಯ ಕೊಂಬಿನಷ್ಟು ಉದ್ದ. ಆ ವಿದ್ಯೆ ನನಗೂ ಬಂತು. ಜಗುಲಿಯ ಮೇಲೆ ಒಂದೇ ಕಂಬಳಿಯೊಳಗೆ ಮಲಗಿದಾಗ ಅಕ್ಕ ಮೊಣಕೈಯಲ್ಲಿ ತಿವಿದು, “ಇವತ್ತು ಇಸ್ಕೂಲಲ್ಲಿ ಏನಾಯ್ತು ಯೋಳು” ಎನ್ನುತ್ತಿದ್ದಳು. ಶಾಲೆಯಲ್ಲಿ ದಿನಾ ಏನಾಗುತ್ತದೆ? ಹಾಜರಿ ಕೂಗಿದರು, ಮಗ್ಗಿ ಒಪ್ಪಿಸಿದೆವು, ಮನೆಗೆ ಬಿಟ್ಟರು. ಆದರೆ ಎಂಟನೆಯ ಕ್ಲಾಸು ಕಾಣದ ಅಕ್ಕನಿಗೆ ಹಾಗೆ ಹೇಳುವುದು ಹೇಗೆ? ಮೇಷ್ಟರು ನಕ್ಷೆ ಬಿಚ್ಚಿದರೆ ನಾನು ಅದರಲ್ಲಿ ಸಮುದ್ರದ ಅಲೆ ಏಳಿಸುತ್ತಿದ್ದೆ. ಪ್ರಯೋಗಾಲಯದ ಒಂದು ಮೇಣದಬತ್ತಿ ನನ್ನ ಬಾಯಲ್ಲಿ ಸಿಡಿಮದ್ದಾಗುತ್ತಿತ್ತು. ಅವಳು ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದಳು.

ಆ ಚಟ ಬಿಡಲಿಲ್ಲ. ನಾನು ಮೇಷ್ಟ್ರಮ್ಮ ಆದೆ, ಅವಳು ಗಂಡನ ಮನೆಯಲ್ಲೂ ಹುಳವನ್ನೇ ಸಾಕಿದಳು. ಪ್ರತಿ ಚಳಿಗಾಲ ಪಾರ್ಕಿನ ಪ್ರವಾಸ ಮುಗಿಸಿದ ಮುಂದಿನ ಭಾನುವಾರ ನಾನು ಅವಳ ಮನೆಗೆ ಹೋಗುವುದು, ಅವಳು ಹುಳಕ್ಕೆ ಸೊಪ್ಪು ಹರಡುತ್ತಾ, “ಈ ಸಲ ಏನೇನಾಯ್ತು?” ಎಂದು ಕೇಳುವುದು ಪದ್ಧತಿಯೇ ಆಗಿತ್ತು. ನನ್ನ ಕತೆಯಲ್ಲಿ ನಾನು ದೊಡ್ಡ ಚಕ್ರ ಹತ್ತುತ್ತಿದ್ದೆ! ತುದಿಗೆ ಹೋದರೆ ಒಂದು ಕಡೆ ಮಾಗಡಿಯ ಸಾವನದುರ್ಗ, ಇನ್ನೊಂದು ಕಡೆ ರಾಮದೇವರ ಬೆಟ್ಟ, ತಿರುಗಿದರೆ ಕಬ್ಬಾಳಮ್ಮನ ಬೆಟ್ಟ, ಅದರ ಬುಡದಲ್ಲಿ ಬೆಳ್ಳಿ ತಟ್ಟೆಯ ಹಾಗೆ ನಮ್ಮೂರ ಕೆರೆ. ಒಂದು ವರ್ಷ ಅವಳ ಮನೆಯ ಹೆಂಚನ್ನೂ ಕಂಡೆ ಎಂದು ಹೇಳಿದ್ದೆ. ಮಕ್ಕಳು ಕೆಳಗಿಳಿದು ಹೇಳಿದ್ದರಲ್ಲಿ ಒಂದಿಷ್ಟು, ನಾನು ಸೇರಿಸಿದ್ದು ಮಿಕ್ಕಷ್ಟು. ಅಕ್ಕನ ಮನೆಯಿಂದ ಪಾರ್ಕಿಗೆ ಎರಡು ಬಸ್ಸು ಬದಲಿಸಿದರೆ ಆಯಿತು. ಆದರೆ ಹುಳ ಸಾಕುವ ಮನೆಯಿಂದ ಎಲ್ಲರೂ ಒಟ್ಟಿಗೆ ಆಚೆ ಹೋಗುವುದು ಸುಲಭವಲ್ಲ. ದಿನಕ್ಕೆ ಮೂರು ಸಲ ಸೊಪ್ಪು ಬೇಕು. ಅದಕ್ಕೆ ಭಾನುವಾರವಿಲ್ಲ, ಹಬ್ಬವಿಲ್ಲ.

ಹೋದ ವರ್ಷ ಕಾರ್ತೀಕ ಕಳೆಯುತ್ತಿದ್ದಂತೆ ಅಕ್ಕ ಫೋನು ಮಾಡಿದಳು.

“ಈ ಸಲ ಇಸ್ಕೂಲ್ ಮಕ್ಳ ಜೊತೇಲಿ ಅಲ್ಲ. ನನ್ ಕರ್ಕೊಂಡು ಹೋಗು.”

“ಎಲ್ಲಿಗಕ್ಕ?”

“ಅದೇ, ಚಕ್ರದ ಜಾಗಕ್ಕೆ. ಹತ್ತು ವರ್ಷದಿಂದ ಕೇಳಿದ್ದಾಯ್ತು. ಒಂದ್ಸಲ ಕಣ್ಣಲ್ಲಿ ನೋಡ್ಬುಡ್ತೀನಿ.”

ಹುಟ್ಟಿದಾಗಿನಿಂದ ಅಕ್ಕ ನನ್ನನ್ನು ಏನನ್ನೂ ಕೇಳಿದವಳಲ್ಲ. ಬೇಡವೆನ್ನುವುದು ಸಾಧ್ಯವಿರಲಿಲ್ಲ. ಆದರೆ ನನ್ನ ಎದೆಯಲ್ಲಿ ಒಬ್ಬ ಸಣ್ಣ ಕಳ್ಳ ಕೂತಿದ್ದ. ಅವಳು ಮೇಲೆ ಹತ್ತಿ ನೋಡಿದರೆ ಕೆರೆ ಎಲ್ಲಿ, ಹೆಂಚು ಎಲ್ಲಿ? ಪಕ್ಕದಲ್ಲಿ ನಾನೂ ಕೂರಬೇಕಲ್ಲ? ಆ ಕಳ್ಳನನ್ನು ಸುಮ್ಮನಿರಿಸಲು ನಾನು ತಯಾರಿಗೆ ತೊಡಗಿದೆ. ಮನೆಯವರೆಲ್ಲ ಹೋಗುವುದೆಂದು ತೀರ್ಮಾನವಾಯಿತು: ಅಕ್ಕ, ಭಾವ, ಅವರ ಮಗ, ಸೊಸೆ ಸವಿತ, ಇಬ್ಬರು ಮೊಮ್ಮಕ್ಕಳು, ನಾನು, ನಮ್ಮ ಯಜಮಾನರು. ಪುಳಿಯೋಗರೆ ಯಾರು, ಚಕ್ಕುಲಿ ಯಾರು, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಕವರು ಎಷ್ಟು, ಎಲ್ಲ ಬರೆದೆ. ಭಾವನಿಗೆ ನೈಲಾನ್ ಚಡ್ಡಿ ತರಬೇಕೆಂದಾಗ ಅವರು ಫೋನಿನಲ್ಲೇ ಗುಡುಗಿದರು: “ಏನಮ್ಮಿ, ಈ ವಯಸ್ನಲ್ಲಿ ನನ್ ತೊಡೆ ಬಿಡದಿಯೋರಿಗೆಲ್ಲ ತೋರ್ಸಬೇಕಾ? ನಾನು ಪಂಚೇಲೇ ದಡದ ಮ್ಯಾಲೆ ಕೂತಿರ್ತೀನಿ, ನೀವು ಬಿದ್ದು ಸಾಯ್ರಿ.”

ದಿನ ಗೊತ್ತುಮಾಡುವುದೇ ದೊಡ್ಡ ಲೆಕ್ಕ. ಹುಳ ಹಣ್ಣಾದ ಮೇಲೆ, ಅಂದರೆ ತಿನ್ನುವುದು ನಿಲ್ಲಿಸಿ ನೂಲು ಬಿಡಲು ಸಿದ್ಧವಾದ ಮೇಲೆ, ಒಂದೊಂದನ್ನೇ ಹೆಕ್ಕಿ ಚಂದ್ರಿಕೆಗೆ ಬಿಡುತ್ತಾರೆ. ಚಂದ್ರಿಕೆ ಎಂದರೆ ಬಿದಿರ ಪಟ್ಟಿಯನ್ನು ಸುತ್ತುಸುತ್ತಾಗಿ ಕಟ್ಟಿದ ದೊಡ್ಡ ಚಾಪೆಯಂಥದ್ದು. ಹುಳ ಅದರ ಸಂದಿಯಲ್ಲಿ ಗೂಡು ಕಟ್ಟುತ್ತದೆ. ಆ ನಾಲ್ಕೈದು ದಿನ ಹುಳಕ್ಕೆ ಬಿಡುವಿಲ್ಲದ ಕೆಲಸ, ಮನುಷ್ಯರಿಗೆ ಪೂರಾ ಬಿಡುವು. ಸೊಪ್ಪೂ ಬೇಡ, ಕಾವಲೂ ಬೇಡ, ಗದ್ದಲವಿಲ್ಲದಿದ್ದರೆ ಸಾಕು. ನಾವು ಹೋಗಬೇಕಾದದ್ದು ಆ ಸಂದಿಯಲ್ಲಿ. ಡಿಸೆಂಬರಿನ ಒಂದು ಬೆಳಿಗ್ಗೆ ಅಕ್ಕ ಫೋನು ಮಾಡಿ, “ನಾಲ್ಕನೇ ಜ್ವರ ಎದ್ದವೆ ಕಣೆ, ಎಲ್ಲಾ ಎದ್ದವೆ, ಸೊಪ್ಪು ಹಾಕ್ದೆ” ಎಂದಳು. ಚಳಿಗೆ ಹುಳ ನಿಧಾನವೆಂದು ಎರಡು ದಿನ ಹೆಚ್ಚಿಗೆ ಹಿಡಿದು ಎಣಿಸಿದೆ. ಬುಧವಾರ, ಗುರುವಾರ ಹಣ್ಣಾಗುತ್ತವೆ, ಭಾನುವಾರ ಗೂಡಿನೊಳಗಿರುತ್ತವೆ. ಭಾನುವಾರಕ್ಕೆ ಟಿಕೆಟ್ಟು ತೆಗೆಸಿದೆ. ಹುಳ ಹೆಕ್ಕಲು ಕೈ ಸೇರಿಸೋಣವೆಂದು ಬುಧವಾರ, ಗುರುವಾರ ರಜೆಯನ್ನೂ ಹಾಕಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಬುಧವಾರ ಬೆಳಿಗ್ಗೆ ಹೋಗಿ, ಕೈಕಾಲು ತೊಳೆದು, ಹೊಸ್ತಿಲ ಸುಣ್ಣದ ಪುಡಿ ತುಳಿದು ಹುಳದ ಮನೆಯೊಳಗೆ ಕಾಲಿಟ್ಟಾಗ ಏನೋ ಸರಿಯಿಲ್ಲ ಅನ್ನಿಸಿತು. ಒಂದೇ ತಟ್ಟೆಯಲ್ಲಿ ಎರಡು ಬಗೆಯ ಹುಳ. ಕೆಲವು ಮೈ ಕುಗ್ಗಿಸಿಕೊಂಡು ತಲೆಯಾಡಿಸುತ್ತಾ ಜಾಗ ಹುಡುಕುತ್ತಿವೆ. ಪಕ್ಕದಲ್ಲೇ ಇನ್ನು ಕೆಲವು ಏನೂ ಆಗದವರ ಹಾಗೆ ಗಸಗಸನೆ ಸೊಪ್ಪು ತಿನ್ನುತ್ತಿವೆ. ಕೊನೆಯ ಜ್ವರ ಎಲ್ಲ ಏಳುವ ಮುಂಚೆ ಸೊಪ್ಪು ಹಾಕಿದರೆ ಮಾತ್ರ ಹೀಗಾಗುವುದು. ಎದ್ದವು ತಿಂದು ಮುಂದೆ ಹೋಗುತ್ತವೆ, ಕೂತಿದ್ದವು ಹಿಂದೆ ಬೀಳುತ್ತವೆ. ಹೊಸಬರು ಮಾಡುವ ತಪ್ಪು ಅದು. ಮೂವತ್ತು ವರ್ಷ ಹುಳ ಸಾಕಿದ ಕೈ ಮಾಡುವ ತಪ್ಪಲ್ಲ.

ಸವಿತ ನನ್ನ ಪಕ್ಕ ಬಂದು ದನಿ ತಗ್ಗಿಸಿ ಹೇಳಿದಳು: “ಚಿಕ್ಕತ್ತೆ, ಅತ್ತೆ ಹಸಿ ಹುಳಾನೂ ಚಂದ್ರಿಕೆಗೆ ಹಾಕ್ತಾವ್ರೆ. ನಾನು ಹಿಂದಿಂದ ಆಯ್ದು ತಗೀತಾ ಇವ್ನಿ. ಎಷ್ಟು ಅಂತ ತಗೀಲಿ?”

ಹಸಿ ಹುಳ ಚಂದ್ರಿಕೆಗೆ ಹೋದರೆ ತಾನೂ ಗೂಡು ಕಟ್ಟುವುದಿಲ್ಲ, ಹಿಕ್ಕೆ ಹಾಕಿ ಪಕ್ಕದ ಗೂಡನ್ನೂ ಕೆಡಿಸುತ್ತದೆ. ಅಕ್ಕ ಕಿಟಕಿಯ ಕೆಳಗೆ ಕೂತಿದ್ದಳು. ಹಣ್ಣಾದ ಹುಳವನ್ನು ಬೆಳಕಿಗೆ ಹಿಡಿದರೆ ಮೈಯೊಳಗೆಲ್ಲ ತಿಳಿಯಾಗಿ, ಮಾಗಿದ ದ್ರಾಕ್ಷಿಯ ಹಾಗೆ ಕಾಣುತ್ತದೆ. ಅದನ್ನು ನನಗೆ ತೋರಿಸಿಕೊಟ್ಟವಳೇ ಅವಳು. ಈಗ ಅವಳು ಹುಳವನ್ನು ಬೆಳಕಿಗೆ ಹಿಡಿಯುತ್ತಿದ್ದಳು, ಆದರೆ ಮುಖವನ್ನು ಬೇರೆ ಕಡೆ ತಿರುಗಿಸಿಕೊಂಡು, ಬಾಗಿಲಲ್ಲಿ ಯಾರೋ ಕರೆದರೇನೋ ಎಂಬಂತೆ. ಬೆರಳಲ್ಲಿ ಮೈ ಒತ್ತಿ ನೋಡಿ, ಚಂದ್ರಿಕೆಗೆ ಬಿಡುತ್ತಿದ್ದಳು.

“ಅಕ್ಕ, ಅದು ಹಸೀದು.”

ಅವಳ ಕೈ ನಿಂತಿತು. ಸೊಪ್ಪಿನ ಹೊರೆ ಇಳಿಸುತ್ತಿದ್ದ ಭಾವ ಅದನ್ನು ಕೇಳಿಸಿಕೊಂಡರು. “ಮೂರು ದಿನದಿಂದ ನೋಡ್ತಾ ಇವ್ನಿ. ಕಣ್ಣು ಹುಳದ ಮ್ಯಾಲೆ ಐತೋ ಆ ಚಕ್ರದ ಮ್ಯಾಲೆ ಐತೋ? ಟೂರು ಅಂದಾಗಿಂದ ಇವ್ಳ ತಲೆ ನೆಟ್ಟಗಿಲ್ಲ” ಎಂದರು. ಅಕ್ಕ ಎದ್ದು ಹಿತ್ತಿಲಿಗೆ ಹೋದಳು. ನಾನೂ ಹಿಂದೆ ಹೋದೆ.

ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ನಾನು ಎದುರಿಗೆ ನಿಂತರೆ ಅವಳು ದಾಳಿಂಬೆ ಗಿಡದ ಕಡೆ ಮುಖ ಮಾಡಿಕೊಂಡಳು. ನನಗೆ ಸಿಟ್ಟು ಬಂತು. “ನನ್ನ ಮುಖ ನೋಡಿ ಮಾತಾಡಕ್ಕ. ಏನಾಗಿದೆ ನಿನಗೆ? ನನ್ನ ಮೇಲೆ ಏನು ಕೋಪ?” ಎಂದೆ.

“ನಿನ್ ಮುಖಾನೇ ಕಣೆ ನೋಡ್ತಾ ಇರೋದು. ನೆಟ್ಟಗೆ ತಿರುಗುದ್ರೆ ಕಾಣಕಿಲ್ಲ.”

ನನಗೆ ಅರ್ಥವಾಗಲಿಲ್ಲ. ಅವಳು ತನ್ನ ಹೆಬ್ಬೆಟ್ಟನ್ನು ಎತ್ತಿ ನನ್ನ ಕಣ್ಣಿನ ಮುಂದೆ ಹಿಡಿದಳು. “ನಡುವೆ ಯಾರೋ ಹಿಂಗೆ ಹೆಬ್ಬೆಟ್ಟು ಒತ್ತಿದಂಗೆ. ಸುತ್ತ ಎಲ್ಲಾ ಕಾಣ್ತದೆ. ಬಾಗಿಲು ಕಾಣ್ತದೆ, ಗಿಡ ಕಾಣ್ತದೆ, ನಡೀತೀನಿ, ಎಡವಕಿಲ್ಲ. ಏನ್ ನೋಡ್ಬೇಕು ಅಂತೀನೋ ಅದ್ರ ಮ್ಯಾಲೆ ಮಾತ್ರ ಹೆಬ್ಬೆಟ್ಟು.”

ಯುಗಾದಿಯ ಹೊತ್ತಿಗೆ ಶುರುವಾಗಿತ್ತಂತೆ. ಹುಳದ ಮನೆಗೆ ಔಷಧಿ ತರುತ್ತೇನೆಂದು ಒಬ್ಬಳೇ ಹೋಗಿ ಆಸ್ಪತ್ರೆಯಲ್ಲಿ ತೋರಿಸಿದ್ದಳು. ಹೋದದ್ದು ಬರುವುದಿಲ್ಲ, ಕಣ್ಣಿಗೆ ಸೂಜಿ ಹಾಕಿಸಿಕೊಂಡರೆ ಇರುವುದು ಒಂದಷ್ಟು ದಿನ ನಿಂತೀತು, ಸೂಜಿಗೆ ಬರುವಾಗ ಮನೆಯವರನ್ನು ಕರೆದುಕೊಂಡು ಬನ್ನಿ ಎಂದಿದ್ದರು. ಅವಳು ಮನೆಯವರಿಗೆ ಹೇಳಿರಲೇ ಇಲ್ಲ.

“ಯಾಕಕ್ಕ?”

“ಯೋಳುದ್ರೆ ಹುಳದ ಮನೆಗೆ ಬುಡ್ತಾರಾ? ಹುಳದ್ದು ಕಣ್ಣಿನ ಕೆಲ್ಸ. ಆಮ್ಯಾಕೆ ನಾನು ಜಗ್ಲಿ ಮ್ಯಾಲೆ ಕೂತು ಏನ್ ಮಾಡ್ಲಿ, ಹೋಗೋರ ಬರೋರ ಸೀರೆ ಬಣ್ಣ ಕೇಳ್ಲಾ?”

ಗೌರಿ ಹಬ್ಬಕ್ಕೆ ನಾನು ಬಾಗಿನ ತಂದಾಗಲೂ ಅವಳು ಹೀಗೇ ಮುಖ ತಿರುಗಿಸಿಕೊಂಡು ಮಾತಾಡಿದ್ದಳು. ಬಾಗಿನದಲ್ಲಿ ಏನು ಕಡಿಮೆಯಾಯಿತೋ ಎಂದು ಒಂದು ತಿಂಗಳು ನಾನು ಬೇಕೆಂದೇ ಫೋನು ಮಾಡಿರಲಿಲ್ಲ. ಮಕ್ಕಳ ಮುಖ ನೋಡಿ ವಾಂತಿ ಹೇಳುವವಳು, ನನ್ನ ಅಕ್ಕನ ಮುಖವನ್ನು ಓದಿದ್ದು ಹಾಗೆ.

“ಹಂಗಾದ್ರೆ ಜ್ವರ ಎದ್ದವೆ ಅಂದಿದ್ದು...”

“ಅಂದಾಜಲ್ಲಿ ಯೋಳ್ದೆ. ಮೂವತ್ತು ವರ್ಷ ನೋಡಿರೋಳು, ಅಂದಾಜು ತಪ್ಪಕಿಲ್ಲ ಅನ್ಕಂಡೆ.” ಆಮೇಲೆ ಅವಳೇ ಕೇಳಿದಳು, “ಹಿಂದೆ ಬಿದ್ದವು ಎಂದು ಹಣ್ಣಾಯ್ತವೆ?”

“ಶನಿವಾರ ಸಂಜೆ ಶುರುವಾಗ್ಬೋದು. ಭಾನುವಾರ ಜೋರಾಗಿರ್ತವೆ. ಹೋಗಲಿ ಬಿಡಕ್ಕ, ಟಿಕೆಟ್ಟು ಹಾಳಾಗಿಹೋಗಲಿ. ಮುಂದಿನ ಬೆಳೆಗೆ ಹೋಗೋಣ.”

“ಮುಂದಿನ ಬೆಳೆಗೆ ಚಕ್ರ ಇರ್ತದೆ” ಅಂದಳು ಅಕ್ಕ. “ನಂಗೆ ಕಾಣೋದು ಇರ್ತದಾ?”

ನಾನು ಚಕ್ರವನ್ನೇ ಹತ್ತಿಲ್ಲವೆಂದು ಆಗ ಹೇಳಿಬಿಡಬೇಕಿತ್ತು. ಬಾಯಿ ಬರಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದರು. ಸವಿತ ಮುದ್ದೆ ಬಡಿಸುತ್ತಿದ್ದಳು. ಅಕ್ಕ ತಟ್ಟೆಗೆ ಕೈ ಹಾಕದೆ, ಯಾವ ಪೀಠಿಕೆಯೂ ಇಲ್ಲದೆ ಹೇಳಿದಳು.

“ನಂಗೆ ಹಣ್ಣು ಹುಳ ಕಾಣಕಿಲ್ಲ. ಕಣ್ಣು ಹೋಯ್ತಾ ಐತೆ. ಭಾನುವಾರ ನೀವೇ ಹೆಕ್ಕಳಿ. ನಾನು ಇವಳ ಜೊತೇಲಿ ಹೋಯ್ತೀನಿ.”

ಭಾವನ ಕೈಯಲ್ಲಿ ಮುರಿದ ಮುದ್ದೆಯ ತುತ್ತು ಹಾಗೇ ನಿಂತಿತು. “ಎಷ್ಟು ದಿನದಿಂದ?”

“ಯುಗಾದಿಯಿಂದ.”

“ನಂಗ್ಯಾಕೆ ಯೋಳ್ನಿಲ್ಲ?”

“ಯೋಳಿದ್ರೆ ಒಳೀಕೆ ಬುಡ್ತಿದ್ರಾ?”

ಭಾವ ತುತ್ತನ್ನು ಸಾರಿನಲ್ಲಿ ಅದ್ದಿ ಬಹಳ ಹೊತ್ತು ಇಟ್ಟರು. ಒಂದು ಭಾನುವಾರಕ್ಕಾಗಿ ಅಕ್ಕ ಅಂದು ಏನನ್ನು ಬಿಟ್ಟುಕೊಟ್ಟಳೆಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಊಟವಾದ ಮೇಲೆ ಅವಳು ಹುಳದ ಮನೆಯ ಬಾಗಿಲವರೆಗೆ ನಡೆದುಹೋಗಿ, ಹೊಸ್ತಿಲ ಸುಣ್ಣದ ಪುಡಿಯ ಈಚೆಗೇ ನಿಂತು, “ಸವಿತಾ, ಎಡಗಡೆ ತಟ್ಟೆಗೆ ಸೊಪ್ಪು ತೆಳ್ಳಗಾಕವ್ವ, ಅಲ್ಲಿ ಆಯ್ದು ಹಾಕಿರೋವು ಹಿಂದಿನವು” ಎಂದಳು. ಒಳಗೆ ಹೋಗಲಿಲ್ಲ.

ಭಾನುವಾರ ಎಂಟು ಜನರ ಪ್ರವಾಸಕ್ಕೆ ಇಬ್ಬರು ಹೊರಟೆವು. ಉಳಿದ ಟಿಕೆಟ್ಟುಗಳು ನನ್ನ ಫೋನಿನಲ್ಲೇ ಉಳಿದವು. ನಮ್ಮ ಯಜಮಾನರೂ ಹುಳ ಹೆಕ್ಕಲು ಅಲ್ಲಿಗೇ ಹೋಗಿ ಕೂತರು. ಅವರಿಗೆ ಹುಳ ಮುಟ್ಟಿದರೆ ಮೈ ಜುಮ್ಮೆನ್ನುತ್ತದೆ, ಆದರೂ ಹೋದರು. ಬೆಳಿಗ್ಗೆ ಭಾವ ಬಸ್ ಸ್ಟ್ಯಾಂಡಿನವರೆಗೆ ಬೈಕಿನಲ್ಲಿ ಬಿಟ್ಟರು, ಮೊದಲು ಅಕ್ಕನನ್ನು, ಆಮೇಲೆ ವಾಪಸು ಬಂದು ನನ್ನನ್ನು. ಬಸ್ಸು ಹತ್ತುವಾಗ ಅಕ್ಕನ ಮೊಣಕೈ ಹಿಡಿದು ಮೆಟ್ಟಿಲು ತೋರಿಸಿದರು. ಮದುವೆಯಾದಾಗಿನಿಂದ ಬೀದಿಯಲ್ಲಿ ಅವಳ ಕೈ ಮುಟ್ಟಿದ ಮನುಷ್ಯನಲ್ಲ ಅವರು. ಅಕ್ಕ ನಾಚಿಕೊಂಡು, “ಬುಡಿ, ಮೆಟ್ಲು ಕಾಣ್ತದೆ” ಎಂದಳು. ಅವರು ಬಿಡಲಿಲ್ಲ. “ಸಂಜೆ ಬರೋವಾಗ ಫೋನ್ ಹಾಕ್ರಿ, ಇಲ್ಲೇ ಇರ್ತೀನಿ” ಎಂದು ನನಗೆ ಹೇಳಿ, ಬಸ್ಸು ತಿರುವು ದಾಟುವವರೆಗೆ ನಿಂತಿದ್ದರು.

ಪಾರ್ಕಿನಲ್ಲಿ ಅಕ್ಕ ಯಾವುದಕ್ಕೂ ಆತುರಪಡಲಿಲ್ಲ. ನೈಲಾನ್ ಬಟ್ಟೆ ಹಾಕಿಕೊಳ್ಳಲು ಒಪ್ಪಲಿಲ್ಲ, ಹಾಗಾಗಿ ನೀರಿಗೆ ಇಳಿಯಲಿಲ್ಲ. ಮರದ ಕೆಳಗೆ ಕೂತು ಮಕ್ಕಳ ಕೂಗಾಟ ಕೇಳಿದಳು. ಒಂದು ಶಾಲೆಯ ಮಕ್ಕಳು ಸಾಲಾಗಿ ಹೋದಾಗ, ಅವರ ಮೇಷ್ಟ್ರಮ್ಮ ಬೆರಳು ಆಡಿಸುತ್ತಾ ಎಣಿಸುತ್ತಿದ್ದುದನ್ನು ಹೇಗೋ ಓರೆಗಣ್ಣಿನಲ್ಲಿ ಹಿಡಿದು, “ಅಗೋ, ನಿನ್ನಂಗೇ ಒಬ್ಳು” ಎಂದು ನಕ್ಕಳು. ಪುಳಿಯೋಗರೆ ತಿಂದೆವು. ಆಮೇಲೆ ಅವಳೇ ಎದ್ದಳು. “ನಡಿ, ಚಕ್ರಕ್ಕೆ.”

ಸಾಲಿನಲ್ಲಿ ನಿಂತಾಗ ನನ್ನ ಅಂಗಾಲು ಆಗಲೇ ಒದ್ದೆ. ನಮ್ಮ ಮುಂದೆ ಇನ್ನು ನಾಲ್ಕೇ ಜನ ಇದ್ದಾಗ ತಡೆಯಲಾಗಲಿಲ್ಲ. “ಅಕ್ಕ, ನಾನು ಇದನ್ನ ಒಂದ್ಸಲಾನೂ ಹತ್ತಿಲ್ಲ. ನಾನು ಹೇಳಿದ್ದೆಲ್ಲ ಸುಳ್ಳು. ನಿನ್ನ ಮನೆ ಹೆಂಚು ಗಿಂಚು ಏನೂ ನೋಡಿಲ್ಲ.”

ಅಕ್ಕ ದೂರದ ಐಸ್‌ಕ್ರೀಮ್ ಅಂಗಡಿಯ ಕಡೆ ಮುಖ ಮಾಡಿದಳು. ನನ್ನನ್ನು ನೋಡುತ್ತಿದ್ದಾಳೆಂದು ಈಗ ನನಗೆ ಗೊತ್ತಿತ್ತು.

“ಹೆಂಚು ಅಂದಾಗ್ಲೇ ಗೊತ್ತಾಯ್ತು ಕಣೆ. ಹೆಂಚು ತಗ್ದು ಶೀಟು ಹಾಕ್ಸಿ ಆರು ವರ್ಷ ಆಗಿತ್ತು ಆಗ. ಕತೆ ಯೋಳೋ ಭರದಲ್ಲಿ ನೀನು ತಲೆ ಎತ್ತಿ ನೋಡಿರ್ನಿಲ್ಲ.”

“ಮತ್ತೆ ಯಾಕೆ ಕೇಳ್ತಿದ್ದೆ?”

“ನೀನು ಬತ್ತಿದ್ಯಲ್ಲ” ಎಂದಳು. “ಕತೆ ಯೋಳಾಕೆ ಅಂತಾದ್ರೂ ವರ್ಷವರ್ಷ ಬತ್ತಿದ್ದೆ.” ಆಮೇಲೆ ನನ್ನ ತೋಳು ಹಿಡಿದು ಮುಂದಕ್ಕೆ ತಳ್ಳಿದಳು. “ನಡಿ ನಡಿ, ಇಬ್ರುಗೂ ಹೊಸ್ದೇ ಆಯ್ತು.”

ತೊಟ್ಟಿಲ ಬಾಗಿಲು ಹಾಕಿ ಚಿಲಕ ಜಡಿದರು. ನೆಲ ಕೆಳಗೆ ಸರಿದದ್ದು ಗೊತ್ತಾದ ಕೂಡಲೇ ನಾನು ಕಣ್ಣು ಮುಚ್ಚಿದೆ. ಕಬ್ಬಿಣದ ಸರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಗಾಳಿ ತಣ್ಣಗಾಗುತ್ತಾ ಹೋಯಿತು, ಮಕ್ಕಳ ಕೂಗು ಕೆಳಗೆ ಸಣ್ಣದಾಗುತ್ತಾ ಹೋಯಿತು. ಒಂದು ಕಡೆ ತೊಟ್ಟಿಲು ನಿಂತು ಅತ್ತಿತ್ತ ತೂಗಿತು. ತುದಿಯೆಂದು ತಿಳಿಯಿತು.

“ಏನು ಕಾಣ್ತದೆ ಅಕ್ಕ?”

ಸೀರೆ ಸರಿದ ಸದ್ದಿನಿಂದ ಅವಳು ಆ ಕಡೆ ಈ ಕಡೆ ತಿರುಗಿ ಹುಡುಕುತ್ತಿರುವುದು ಗೊತ್ತಾಗುತ್ತಿತ್ತು.

“ಬೆಳ್ಳಗೈತೆ, ಮಂಜು. ಬೆಟ್ಟ ಇದ್ರೂ ಇರ್ಬೋದು, ಕಪ್ಪಗೆ ಏನೋ ಐತೆ ಒಂದು ಕಡೀಕೆ. ಕೆರೆಗಿರೆ ಕಾಣಕಿಲ್ಲ.” ಆಮೇಲೆ ಒಮ್ಮೆಲೇ ದನಿ ಬದಲಾಯಿತು. “ಲೇ, ಸೊಪ್ಪಿನ ತೋಟ ಕಣೆ ಅಲ್ಲಿ.”

“ಎಲ್ಲಿ?”

“ರೋಡಿನ ಆಚೀಕೆ. ಓರೇಲಿ ಸಿಕ್ತು. ತೆಂಗಲ್ಲ, ರಾಗಿ ಹೊಲ ಅಲ್ಲ, ಆ ಹಸುರು ನಂಗೆ ಗೊತ್ತಾಗಕಿಲ್ವಾ? ಅರ್ಧ ತೋಟ ಬೋಳಾಗೈತೆ, ಅರ್ಧ ಹಂಗೇ ಐತೆ. ದಿನಾ ಕುಯ್ತಾವ್ರೆ. ಆ ಮನೇಲೂ ಹುಳ ದೊಡ್ಡವಾಗವೆ.”

ಯಾರದೋ ಗುರುತಿಲ್ಲದವರ ತೋಟ ಅದು. ಅವಳ ದನಿಯಲ್ಲಿ ಮಾತ್ರ ನೆಂಟರ ಮನೆ ಕಂಡ ಹಿಗ್ಗಿತ್ತು. ಚಕ್ರ ಅಲುಗಿ ಇಳಿಯತೊಡಗಿತು. ಮತ್ತೊಂದು ಸುತ್ತಿಗೆ ಮೇಲೇರಿದಾಗ ಅವಳು ಮತ್ತೆ ಹುಡುಕಿದಳು. ಸೀರೆಯ ಸದ್ದು ಎಡಕ್ಕೆ ಹೋಯಿತು, ಬಲಕ್ಕೆ ಬಂತು, ಬಳೆ ಸರಳಿಗೆ ತಾಗಿತು.

“ತಪ್ಪೋಯ್ತು” ಎಂದಳು ಕೊನೆಗೆ, ಸಣ್ಣಗೆ. “ಕಣ್ಣು ಬುಡು ಕಣೆ. ಈಗ ನೀ ನೋಡಿ ಯೋಳು. ಬಣ್ಣ ಹಚ್ಬ್ಯಾಡ. ಇದ್ದಿದ್ದ ಇದ್ದಂಗೆ ಯೋಳು. ಇನ್ಮ್ಯಾಕೆ ನಂಗೆ ಅದೇ ಆಗ್ಬೇಕು.”

ನಾನು ಕಣ್ಣು ಬಿಟ್ಟೆ. ಕಾರ್ಖಾನೆಯ ಮಾಡುಗಳು, ಹೆದ್ದಾರಿಯ ಲಾರಿಗಳು, ಅದರಾಚೆ ಮಂಜು. ಅವಳು ಹೇಳಿದ ಕಡೆ ಹುಡುಕಿದೆ. ಇತ್ತು, ಅಂಗೈಯಗಲ.

“ಕಂಡಿತು ಅಕ್ಕ. ಅರ್ಧ ಹಸುರು, ಅರ್ಧ ಬೋಳು. ಪಕ್ಕದಲ್ಲಿ ಶೀಟಿನ ಮನೆ. ಬದುವಿನ ಮೇಲೆ ಯಾರೋ ಒಬ್ಬರು ಕೂತಿದ್ದಾರೆ.”

“ಹೆಂಗಸಾ, ಗಂಡಸಾ?”

ಹೆಂಗಸು ಎಂದು ನಾಲಿಗೆಯ ತುದಿಗೆ ಬಂತು. ಕೆಂಪು ಸೀರೆ, ಪಕ್ಕದಲ್ಲಿ ಸೊಪ್ಪಿನ ಹೊರೆ, ಎಲ್ಲವೂ ಸಾಲಾಗಿ ಬಂದು ನಿಂತವು. ನುಂಗಿಕೊಂಡೆ.

“ಗೊತ್ತಾಗ್ತಾ ಇಲ್ಲಕ್ಕ. ದೂರ ಐತೆ.”

“ಹೂಂ” ಎಂದಳು ಅಕ್ಕ, ಸರಳಿನ ಮೇಲಿದ್ದ ನನ್ನ ಕೈಯ ಮೇಲೆ ತನ್ನ ಕೈ ಇಟ್ಟು. “ಹಂಗೆ ಯೋಳು.”